ಆ ದಿನದ ಎರಡನೆಯ ಪತ್ರ

ಹೇಮಾವತಿ ಮೂರನೆಯ ಕೊಡವನ್ನು ಹಂಡೆಗೆ ಸುರಿಯುತ್ತಿದ್ದಾಗ ಗಂಡ ಮಾಂತೇಶನ ಸಣ್ಣ ಫೋನು ಮತ್ತೆ ಬಡಿದುಕೊಂಡಿತು. ಬೆಳಗ್ಗೆ ಆಸ್ಪತ್ರೆಯಲ್ಲಿ ಅವನ ಅಂಗಿಯ ಕಿಸೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಾಗೇ ಉಳಿದಿತ್ತು. ಕೊಡ ಕೆಳಗಿಟ್ಟು ಕಿವಿಗೆ ಹಿಡಿದಳು.

“ಮಾಂತೇಶಪ್ಪ, ನಾ ಯಲಬುರ್ಗಾದಿಂದ್ರಿ,” ಎಂದು ಆ ಕಡೆಯ ದನಿ ನಗುತ್ತಲೇ ಶುರುಮಾಡಿತು. “ಯಾವನೋ ನಿಮ್ಮ ಫೋಟೋಕ್ಕ ಹಾರ ಹಾಕಿ ವಾಟ್ಸಾಪಿಗೆ ಬಿಟ್ಟಾನ ನೋಡ್ರಿ. ಐದಕ್ಕ ಪತ್ರ ಬಂದೈತಿ, ಸತ್ತಾಂವ ಹೆಂಗ ಕಳಸ್ತಾನ್ಲೇ ಅಂತ ನಾ ಎಲ್ಲಾರಿಗೂ ಹೇಳೀನಿ. ಅವನ ಮ್ಯಾಲೆ ಒಂದು ಕೇಸ್ ಹಾಕ್ರಿ.”

ಪಕ್ಕದ ಮನೆಯ ಗೋವಿಂದರಾಜ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಓಣಿಯ ಕಡೆ ನಡೆದ. ಖರೆ ರೀ, ಆಣೆ ಮಾಡಿ ಹೇಳತೀನಿ ಖರೆ ರೀ ಎಂದು ಅವನು ಅನ್ನುತ್ತಿದ್ದುದು ಬಚ್ಚಲಿನವರೆಗೂ ಕೇಳಿಸುತ್ತಿತ್ತು. ತಿರುಗಿ ಬಂದವನು ತಲೆಯಾಡಿಸಿದ. ಒಂಬತ್ತು ಗಂಟೆಯಿಂದ ಇದು ಹದಿನೇಳನೆಯ ಫೋನು. ಒಬ್ಬರೂ ನಂಬಿರಲಿಲ್ಲ.

ನಂಬದಿರಲು ಕಾರಣವಿತ್ತು. ಮಾಂತೇಶ ಬೆಳಗಿನ ಐದಕ್ಕೆ ಸರಿಯಾಗಿ ನಾಲ್ಕು ತಾಲೂಕಿನ ಚಂದಾದಾರರಿಗೆ ಇಮೇಲಿನಲ್ಲಿ ಸುದ್ದಿಯ ಪತ್ರ ಕಳಿಸಿದ್ದ. ಆರು ವರ್ಷ ಕಳಿಸಿದ ಹಾಗೆಯೇ. ನೀರು ಕುಡಿಯಲು ಎದ್ದವನು ಅಡುಗೆಮನೆಯ ಬಾಗಿಲು ಮುಟ್ಟುವ ಮೊದಲೇ ಬಿದ್ದ. ಗೋವಿಂದರಾಜನ ಕಾರು ಗಂಗಾವತಿ ತಲುಪುವಷ್ಟರಲ್ಲಿ ಮುಗಿದಿತ್ತು. ಮೂವತ್ತಾರು ವರ್ಷ. ಈಗ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಮಣ್ಣು ಮಾಡುವುದು ಸಂಜೆ ನಾಲ್ಕಕ್ಕೆ ಎಂದು ಹಿರಿಯರು ಗೊತ್ತುಮಾಡಿದ್ದರು. ಕಾಲುವೆಯ ಪಕ್ಕದ ಅವರದೇ ಹೊಲದಲ್ಲಿ ಕುಣಿ ತೋಡಲು ಗ್ಯಾನಪ್ಪ ಆಗಲೇ ಹೋಗಿದ್ದ.

ಅಂಗಳದಲ್ಲಿ ಇಪ್ಪತ್ತು ಮಂದಿ ಇದ್ದರು. ಎಲ್ಲ ಅದೇ ಊರು, ಬನ್ನಿಗಿಡದ ಕ್ಯಾಂಪಿನವರೇ, ಕಣ್ಣಾರೆ ನೋಡಿದವರು. ಮಾಂತೇಶನ ತಂದೆ ಹುಲಗಪ್ಪ ಬೇವಿನ ಮರದ ಬುಡದಲ್ಲಿ ಕುಳಿತು ಅವರನ್ನು ಒಂದು ಸುತ್ತು ನೋಡಿದ. ಅವನು ಮೂವತ್ತು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಮಾಡಿದವನು. ಬಿಟ್ಟ ನೀರು ಕಡೆಯ ಹೊಲಗಳವರೆಗೆ ಒಂದು ವರ್ಷವೂ ಸರಿಯಾಗಿ ಮುಟ್ಟಿರಲಿಲ್ಲ. ಆ ಭಾಗದ ರೈತರ ಬೈಗುಳ ಅವನ ಕಿವಿಯಲ್ಲಿ ಇನ್ನೂ ಇತ್ತು.

“ಗೇಟ್ ಎತ್ತಿದ್ರ ನೀರು ಕಾಣತಿತ್ತು,” ಎಂದ ಗೋವಿಂದರಾಜನಿಗೆ. “ಇಂವ ದಿನಾ ಮುಂಜಾನಿ ಏನ್ ಬಿಡತಿದ್ದ, ಅದು ಎಲ್ಲಿಗಿ ಹೋಗತಿತ್ತು, ನನ್ನ ಕಣ್ಣಿಗಿ ಒಂದಿನಾ ಕಾಣ್ಲಿಲ್ಲ. ನೋಡು, ಇಷ್ಟ ಮಂದಿ. ಯಾರ ಹಾದಿ ನೋಡೂದು? ಎರಡಕ್ಕ ಮಾಡಿ ಮುಗಸೂಣು.”

ಗೋವಿಂದರಾಜ ಉತ್ತರಿಸುವ ಮೊದಲೇ ಕ್ರಾಸಿನಲ್ಲಿ ಚಹಾದ ಹೋಟೆಲಿಟ್ಟಿದ್ದ ಜಿಲಾನಸಾಬ ಸೈಕಲ್ ಮೋಟರು ನಿಲ್ಲಿಸಿ ಒಳಗೆ ಬಂದ. ಮಾಂತೇಶ ಪ್ರತಿದಿನ ಪತ್ರದ ಒಂದು ಪ್ರತಿಯನ್ನು ಅಚ್ಚು ಹಾಕಿ ಅವನ ಗೋಡೆಗೆ ಅಂಟಿಸಲು ಕೊಡುತ್ತಿದ್ದ. ಜಿಲಾನಸಾಬ ಅದನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ. ಈ ದಿನದ ಪ್ರತಿ ಸಿಕ್ಕಿರಲಿಲ್ಲವಾದ್ದರಿಂದ ಗಿರಾಕಿಯೊಬ್ಬನ ಮೊಬೈಲಿನಲ್ಲಿ ನೋಡಿ ಓದಿದ್ದನಂತೆ. ಆಮೇಲೆ ಸಾವಿನ ಸುದ್ದಿ ಬಂತು. ಹೇಳಿದರೆ ಹೋಟೆಲಿನಲ್ಲಿದ್ದವರು ಅವನ ಮೇಲೆಯೇ ತಿರುಗಿಬಿದ್ದರು.

“ನಲವತ್ತು ಮಂದಿ ಕುಂತಾರ್ರಿ. ಏಳವಲ್ರು. ಪತ್ರದಾಗ ಬರ್ಲಿ, ಆಮ್ಯಾಲ ನೋಡೂಣು ಅಂತಾರ,” ಎಂದು ಹೇಮಾವತಿಯ ಕಡೆ ತಿರುಗಿದ. “ಅಕ್ಕಾರ, ನೀವು ಬರದ್ರ ಏಳತಾರ್ರಿ. ನಾಕೂ ತಾಲೂಕು ಏಳತೈತಿ.”

ಅವಳು ಹಂಡೆಯ ಕೆಳಗೆ ಇನ್ನೊಂದು ಕಟ್ಟಿಗೆ ಸರಿಸಿದಳು.

*

ಆರು ವರ್ಷದ ಹಿಂದೆ, ಮದುವೆಯಾದ ಎರಡನೆಯ ಬೇಸಿಗೆಯಲ್ಲಿ, ಮಾಂತೇಶ ಅಂಗಡಿ ಮುಚ್ಚಿಕೊಂಡು ಬಂದು ಊಟದ ತಟ್ಟೆ ಮುಂದಿದ್ದರೂ ಸುಮ್ಮನೆ ಕುಳಿತಿದ್ದ. ಕ್ರಾಸಿನಲ್ಲಿ ಅವನದೊಂದು ಆನ್‌ಲೈನ್ ಸೆಂಟರು. ಬೆಳೆ ವಿಮೆ, ವಿದ್ಯಾರ್ಥಿವೇತನ, ಪಹಣಿ, ಪಾನ್ ಕಾರ್ಡು, ಏನೇ ಅರ್ಜಿ ಹಾಕಬೇಕಾದರೂ ಇಮೇಲ್ ವಿಳಾಸ ಕೇಳುತ್ತಿತ್ತು. ಬಂದವರಿಗೆಲ್ಲ ಅವನೇ ಮಾಡಿಕೊಡುತ್ತಿದ್ದ.

“ಹೇಮಾ, ನಾಕು ಸಾವಿರ ಮಂದಿಗಿ ಟಪಾಲ್ ಡಬ್ಬಿ ಮಾಡಿಕೊಟ್ಟೀನಿ,” ಎಂದ. “ಒಬ್ಬರಿಗೂ ಇವತ್ತಿನ ತನಕ ಒಂದು ಪತ್ರ ಬಂದಿಲ್ಲ.”

ಅವಳು ನಕ್ಕಳು. ಹಂಪಿಯಲ್ಲಿ ಎಂ.ಎ. ಮಾಡಿ ಬಂದವಳು. ಮೇಲ್ ಯಾರು ಓದುತ್ತಾರೆ, ವಾಟ್ಸಾಪಿನಲ್ಲಿ ಒಂದು ಗುಂಪು ಮಾಡು ಎಂದಳು. ಗುಂಪಿನಲ್ಲಿ ಎಲ್ಲರೂ ಒದರುತ್ತಾರೆ, ಯಾರ ಮಾತಿಗೆ ಯಾರು ಹೊಣೆ ಎಂದು ಅವನು ಕೇಳಿದ. ಒಬ್ಬನು ಬೆಳಗ್ಗೆ ಎದ್ದು, ಅವರ ಹೆಸರು ಹಿಡಿದು, ಕೆಳಗೆ ತನ್ನ ಹೆಸರು ಹಾಕಿ ಬರೆದರೆ ಅದರ ಮಾತೇ ಬೇರೆ.

ಹೀಗೆ ‘ನಾಲ್ಕು ತಾಲೂಕು’ ಶುರುವಾಯಿತು. ತಿಂಗಳಿಗೆ ಇಪ್ಪತ್ತು ರೂಪಾಯಿ ಚಂದಾ. ಮೊದಲ ಪತ್ರ ಹನ್ನೊಂದು ಮಂದಿಗೆ ಹೋಯಿತು. ಜಲಾಶಯದಲ್ಲಿ ಎಷ್ಟು ಅಡಿ ನೀರು, ಈ ವಾರ ಯಾವ ಉಪಕಾಲುವೆಯ ಪಾಳಿ, ಗಂಗಾವತಿಯಲ್ಲಿ ಭತ್ತದ ಧಾರಣೆ, ಕುಷ್ಟಗಿಯಲ್ಲಿ ಕರೆಂಟು ಎಷ್ಟರಿಂದ ಎಷ್ಟರವರೆಗೆ ಇಲ್ಲ, ಯಾರ ಎಮ್ಮೆ ಕಳೆದಿದೆ, ಯಾವ ಬಸ್ಸು ನಿಂತಿದೆ. ಮುನಿರಾಬಾದಿನ ಪರಿಚಯದವನೊಬ್ಬ ದಿನಾ ನಸುಕಿನ ನಾಲ್ಕೂವರೆಗೆ ನೀರಿನ ಮಟ್ಟ ಹೇಳುತ್ತಿದ್ದ. ಅಷ್ಟಾದ ಮೇಲೆ ಮಾಂತೇಶ ಪೂರ್ತಿ ಪತ್ರವನ್ನು ಅವಳಿಗೆ ಓದಿ ತೋರಿಸುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡೇ ತಪ್ಪು ಹೇಳುತ್ತಿದ್ದಳು. ‘ಭಾರೀ’, ‘ಭೀಕರ’ ಇಂಥವನ್ನೆಲ್ಲ ತೆಗೆಸುತ್ತಿದ್ದಳು. ಎರಡನೆಯ ವರ್ಷಕ್ಕೆ ಚಂದಾದಾರರು ಒಂಬೈನೂರಾದರು. ಬೀಜದ ಅಂಗಡಿಯವರು, ಟ್ರ್ಯಾಕ್ಟರಿನವರು ಜಾಹೀರಾತು ಕೊಡತೊಡಗಿದರು. ಅವನು ಅಂಗಡಿಗೆ ಒಬ್ಬಳನ್ನು ಕೆಲಸಕ್ಕಿಟ್ಟು ತಾನು ಪತ್ರಕ್ಕೇ ಕುಳಿತ.

ಆ ವರ್ಷವೇ ಇಟಗಿಯಲ್ಲಿದ್ದ ಅವನ ಅಜ್ಜಿ ಮುದುಕಮ್ಮ ತೀರಿಕೊಂಡಳು. ಹೇಳಬೇಕಾದವರೆಲ್ಲ ಇನ್ನೊಬ್ಬರು ಹೇಳಿರುತ್ತಾರೆ ಎಂದುಕೊಂಡಿದ್ದರು. ಮಾಂತೇಶ ಓಡಿದಾಗ ಗುಂಡಿ ಮುಚ್ಚಿ ಮೇಲೆ ಕಲ್ಲಿಡುತ್ತಿದ್ದರು. ಮುಖ ಸಿಗಲಿಲ್ಲ. ಮರುದಿನದ ಪತ್ರದ ಕೊನೆಯಲ್ಲಿ ಹೊಸದೊಂದು ತಲೆಬರಹ ಬಂತು: ‘ಮಣ್ಣು’. ಸತ್ತವರ ಹೆಸರು, ಊರು, ವಯಸ್ಸು, ಹೊತ್ತು, ಜಾಗ, ದಾರಿ. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬೆಳಗಾಗೆದ್ದು ಸಾವಿನ ಸುದ್ದಿ ಯಾರಿಗೆ ಬೇಕು ಎಂದು ಹೇಮಾವತಿ ಜಗಳ ಮಾಡಿದ್ದಳು. ಜನ ಮೊದಲು ಅದನ್ನೇ ಓದುತ್ತಾರೆ ಎಂದು ಅವಳಿಗೆ ತಿಳಿಯಲು ಬಹಳ ಕಾಲ ಬೇಕಾಯಿತು.

*

ಸ್ನಾನವಾಯಿತು. ಬಿಳಿಯ ಪಂಚೆ ಉಡಿಸಿ, ವಿಭೂತಿ ಹಚ್ಚಿ ಮಾಂತೇಶನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಗೋವಿಂದರಾಜ ಗಡಿಯಾರ ನೋಡಿ, ಹನ್ನೊಂದಾಯಿತು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಕುಷ್ಟಗಿಯಿಂದ, ಯಲಬುರ್ಗಾದಿಂದ ಬರುವವರಿಗೆ ಎರಡು ತಾಸಾದರೂ ಬೇಕು.

ಒಳಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದೇ ಇತ್ತು. ಪಕ್ಕದಲ್ಲಿ ಅವನ ಕನ್ನಡಕ. ಹೇಮಾವತಿ ಹೊಸ್ತಿಲ ತನಕ ಹೋಗಿ ನಿಂತಳು. ನಾಲ್ಕು ಸಾಲು. ಇಂಥ ನಾಲ್ಕು ಸಾಲುಗಳನ್ನು ಅವಳು ಸಾವಿರ ಸಲ ತಿದ್ದಿದ್ದಾಳೆ. ಪತ್ರದಲ್ಲಿ ಬಂದ ಮೇಲೆ ಖರೆ ಎಂದು ನಾಲ್ಕು ತಾಲೂಕಿನ ಜನ ಅನ್ನುತ್ತಾರೆ. ಬರೆದರೆ ಅದು ಅವಳಿಗೂ ಖರೆಯಾಗುತ್ತದೆ.

ಅತ್ತೆ ದುರಗಮ್ಮ ಹಿಂದಿನಿಂದ ಬಂದು ಅವಳ ಮುಂಗೈ ಹಿಡಿದಳು. ಬೆಳಗಿನಿಂದ ದುರಗಮ್ಮ ಅತ್ತಿರಲಿಲ್ಲ.

“ಬರಿಬ್ಯಾಡವಾ,” ಎಂದಳು. “ಈ ಅಂಗಳ ಬಿಟ್ರ ಎಲ್ಲಾ ಕಡಿ ನನ್ನ ಮಗ ಇನ್ನಾ ಅದಾನ. ಆ ಯಲಬುರ್ಗಾದಾಂವ ನಕ್ಕೋತ ಮಾತಾಡಿದ್ನಲ್ಲ, ನಾನೂ ಕೇಳಿದೆ. ಇವತ್ತೊಂದಿನ ಹಂಗ ಇರ್ಲಿ ಬಿಡು.”

ಹೇಮಾವತಿ ಹೊಸ್ತಿಲಿನಿಂದ ಹಿಂದೆ ಸರಿದಳು. ಅತ್ತೆ ಹೇಳಿದ್ದು ತನ್ನ ಮನಸ್ಸಿನಲ್ಲೇ ಇದ್ದ ಮಾತು. ಹೇಳಿದ್ದು ಅತ್ತೆ, ಅಷ್ಟೇ.

ಆಗ ಅಂಗಳದಲ್ಲಿ ಒಬ್ಬ ಮುದುಕ ಬಂದು ನಿಂತ. ಕೈಯಲ್ಲಿ ಕೋಲು, ಹೆಗಲ ಮೇಲೆ ಮಡಿಸಿದ ಕಂಬಳಿ. ಎರಡು ಬಸ್ಸು ಬದಲಿಸಿ, ಕ್ರಾಸಿನಿಂದ ನಡೆದು ಬಂದಿದ್ದ. ಹೊರ ಊರಿನಿಂದ ಬಂದ ಮೊದಲನೆಯವನು ಅವನು. ತಾನು ತಾವರಗೇರಾದ ದುರುಗಪ್ಪ ಎಂದು ಹೇಳಿಕೊಂಡ. ಮಾಂತೇಶನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಹೇಮಾವತಿಯನ್ನು ಗುರುತು ಹಿಡಿದು ಹತ್ತಿರ ಬಂದ.

“ನಿನ್ನ ಗಂಡ ನನ್ನ ಒಮ್ಮಿ ಸಾಯಿಸ್ಯಾನ ತಂಗಿ,” ಎಂದ. “ಪತ್ರದಾಗ ಬಂದ ಮ್ಯಾಲೂ ನಾ ಬದುಕಿದ್ದೆ. ಹಂಗಾರ ಪತ್ರದಾಗ ಬರದಿದ್ರೂ ಇಂವ ಹೋಗಿರಬಹುದು ಅಂತ ನನಗೊಬ್ಬಗ ಅನಿಸ್ತು. ಬಸ್ ಹತ್ತಿದೆ.”

ಬಾಗಿಲಲ್ಲಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿ ಹಿಡಿದಳು. ನಗುವೋ ಅಳುವೋ ತಿಳಿಯಲಿಲ್ಲ.

*

‘ಮಣ್ಣು’ ಶುರುವಾದ ಮೂರನೆಯ ತಿಂಗಳದು. ತಾವರಗೇರಾದ ಒಂದೇ ಓಣಿಯಲ್ಲಿ ಇಬ್ಬರು ದುರುಗಪ್ಪಗಳಿದ್ದರು, ಮೇಲಿನ ಮನೆಯವನು, ಕೆಳಗಿನ ಮನೆಯವನು. ಸತ್ತವನು ಕೆಳಗಿನ ಮನೆಯವನು. ಪತ್ರದಲ್ಲಿ ಬಂದದ್ದು ಮೇಲಿನ ಮನೆಯವನ ಹೆಸರು, ಅವನ ಅಪ್ಪನ ಹೆಸರಿನ ಸಮೇತ.

ಎಂಟು ಗಂಟೆಗೆ ದುರುಗಪ್ಪ ಗಿಡದ ಕೆಳಗೆ ಕುಳಿತು ಗಡ್ಡ ಕೆರೆಸಿಕೊಳ್ಳುತ್ತಿದ್ದಾಗ ಹಾರ ಹಿಡಿದುಕೊಂಡು ಜನ ಬರತೊಡಗಿದರು. ಸಿಂಧನೂರಿನಿಂದ ಮಗಳು ಬಸ್ಸಿನಿಂದಲೇ ಅಳುತ್ತ ಇಳಿದಳು. ಬದುವಿನ ಜಗಳದಲ್ಲಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ತಮ್ಮ ಓಡಿ ಬಂದವನು, ಅಣ್ಣನ ಅರ್ಧ ಬೋಳಿಸಿದ ಮುಖ ನೋಡಿ ಅಲ್ಲೇ ಕುಸಿದು ಕುಳಿತ. ದುರುಗಪ್ಪ ಅರವತ್ತು ಮಂದಿಗೆ ಚಹಾ ಮಾಡಿಸಿದ.

ಮಧ್ಯಾಹ್ನ ಮಾಂತೇಶ ಕಾಲಿಗೆ ಬೀಳಲು ಹೋದರೆ ಮುದುಕ ಅವನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡನಂತೆ. ತನ್ನ ಮಣ್ಣಿಗೆ ಯಾರು ಯಾರು ಬರುತ್ತಾರೆ ಎಂಬುದನ್ನು ಕಣ್ಣಾರೆ ನೋಡಿದೆ, ಇದು ಯಾವ ರಾಜನಿಗೆ ಸಿಕ್ಕೀತು, ಚಹಾ ಕುಡಿ ಎಂದನಂತೆ.

ಮಾಂತೇಶ ಕುಡಿಯಲಿಲ್ಲ. ಕೆಳಗಿನ ಮನೆಗೆ ಹೋದ. ನಿಜವಾಗಿ ಸತ್ತವನನ್ನು ಅಷ್ಟರಲ್ಲಿ ಎಂಟು ಮಂದಿ ಸೇರಿ ಮಣ್ಣು ಮಾಡಿ ಬಂದಿದ್ದರು. ಮನೆಗೆ ಬಂದು ಎರಡು ದಿನ ಅವನು ಅದನ್ನೇ ಹೇಳುತ್ತಿದ್ದ. ಎಂಟು ಮಂದಿ, ಹೇಮಾ.

ಆವತ್ತಿನಿಂದ ಅವನದೊಂದು ಕಟ್ಟಳೆ. ಸಾವಿನ ಸುದ್ದಿ ಬಂದರೆ ಎರಡು ಫೋನು: ಒಂದು ಮನೆಯವರಿಗೆ, ಇನ್ನೊಂದು ಆ ಊರಿನಲ್ಲಿ ಕುಣಿ ತೋಡುವವನಿಗೆ. ಮನೆಯವರು ದುಃಖದಲ್ಲಿ ತಪ್ಪಬಹುದು. ಕುಣಿ ತೋಡುವವನಿಗೆ ಯಾರಿಗಾಗಿ ತೋಡುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ. ಊರೂರು ತಿರುಗಿ ಅವರ ನಂಬರು ಕೂಡಿಸಿದ. ಫೋನಿನಲ್ಲಿ ಅವರ ಹೆಸರಿನ ಮುಂದೆ ಊರು ಮತ್ತು ‘ಕುಣಿ’ ಎಂದು ಬರೆದುಕೊಂಡ. ಮಣ್ಣು ಮುಗಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡಲು ಅವರಿಗೆ ಹೇಳಿಟ್ಟಿದ್ದ. ದೂರದಿಂದ ಹೊರಟವರು ಇವನಿಗೆ ಫೋನು ಮಾಡಿ ಕೇಳುತ್ತಿದ್ದರು. ಆಗಿಹೋಗಿದ್ದರೆ, ಆಗಿದೆ, ಗಾಡಿ ಜೋರಾಗಿ ಓಡಿಸಬೇಡಿ ಎಂದು ಹೇಳಬೇಕಿತ್ತು. ಮಿಸ್ಡ್ ಕಾಲ್ ಬಂದಾಗ ಅವನು ಎತ್ತುತ್ತಿರಲಿಲ್ಲ. ಅದು ಪೂರ್ತಿ ಬಡಿದು ನಿಲ್ಲುವ ತನಕ ಮಾಡುತ್ತಿದ್ದ ಕೆಲಸ ಬಿಟ್ಟು ಸುಮ್ಮನೆ ಇರುತ್ತಿದ್ದ.

*

“ನನ್ನ ಅರವತ್ತು ಮಂದಿನ್ನ ನಾ ನೋಡೀನಿ,” ಎಂದ ದುರುಗಪ್ಪ. “ಇವಗ ಆ ಭಾಗ್ಯ ಇಲ್ಲ. ನೀವರ ನೋಡಬೇಕಲ್ಲವಾ.” ಅಷ್ಟು ಹೇಳಿ ಹೋಗಿ ಹುಲಗಪ್ಪನ ಪಕ್ಕದಲ್ಲಿ ಕುಳಿತ.

ಹೇಮಾವತಿ ಒಳಗೆ ಹೋದಳು. ಕುರ್ಚಿಯ ಮೇಲೆ ಕೂರಲಿಲ್ಲ, ನಿಂತೇ ಲ್ಯಾಪ್‌ಟಾಪಿನಲ್ಲಿ ಹೊಸ ಪತ್ರ ತೆರೆದಳು. ದಿನಕ್ಕೆ ಎರಡು ಪತ್ರ ಯಾವತ್ತೂ ಹೋಗಿರಲಿಲ್ಲ. ‘ಮಣ್ಣು’ ಎಂದು ಬರೆದಳು. ಬೆರಳು ನಿಂತಿತು. ಎರಡು ಫೋನು. ಮನೆಯವರು ಎಂದರೆ ಅವಳೇ. ಇನ್ನೊಂದು ಉಳಿದಿತ್ತು. ಸಣ್ಣ ಫೋನಿನಲ್ಲಿ ‘ಕ್ಯಾಂಪು ಕುಣಿ ಗ್ಯಾನಪ್ಪ’ ಎಂಬ ಹೆಸರು ಹುಡುಕಿ ಒತ್ತಿದಳು.

“ಗ್ಯಾನಪ್ಪ, ಪತ್ರದಿಂದ ಮಾತಾಡಾಕ್ಹತ್ತೀನಿ.” ಮಾಂತೇಶ ಹೀಗೆಯೇ ಶುರುಮಾಡುತ್ತಿದ್ದ. “ಯಾರಿಗಿ ತೋಡಾಕ್ಹತ್ತೀ?”

ಆ ಕಡೆ ಸಲಿಕೆಯ ಸದ್ದು ನಿಂತಿತು. ಕಾಲುವೆಯ ನೀರಿನ ಸದ್ದು ಕೇಳಿಸಿತು.

“ಹುಲಗಪ್ಪನ ಮಗ ಮಾಂತೇಶಗ್ರೀ.”

“ವಯಸ್ಸೆಷ್ಟು?”

“ಮೂವತ್ತಾರ್ರೀ.”

“ಎಷ್ಟೊತ್ತಿಗಿ?”

“ನಾಕಕ್ರೀ.”

“ದಾರಿ ಹೆಂಗೈತಿ?”

“ಹಳ್ಳದ ಪೂಲು ಕುಸದೈತ್ರೀ. ಕಾಲುವಿ ದಂಡಿ ಮ್ಯಾಲೆ ಬರಾಕ ಹೇಳ್ರಿ.” ಸಲಿಕೆಯನ್ನು ಮಣ್ಣಿಗೆ ಊರಿದ ಸದ್ದಾಯಿತು. “ಊಟ ಆತೇನು ಅಂತ ಅವ್ರು ಕೇಳತಿದ್ರು ಕಡೀಕ. ನೀವು ಕೇಳಬ್ಯಾಡ್ರಿ ಅಕ್ಕಾರ. ಆಗಿಲ್ಲ.”

ಅವಳು ಫೋನು ಇಟ್ಟು ಬರೆದಳು. ತಿರುಗಿದರೆ ದುರಗಮ್ಮ ಬಾಗಿಲಲ್ಲಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏನು ಬರೆದೆ, ಓದು ಎಂದಳು. ಹೇಮಾವತಿ ಓದಿದಳು: ಮಾಂತೇಶ, ಹುಲಗಪ್ಪನ ಮಗ. ಬನ್ನಿಗಿಡದ ಕ್ಯಾಂಪು, ಗಂಗಾವತಿ ತಾಲೂಕು. ವಯಸ್ಸು 36. ಇಂದು ಸಂಜೆ 4ಕ್ಕೆ, ಕಾಲುವೆಯ ಪಕ್ಕದ ಸ್ವಂತ ಹೊಲದಲ್ಲಿ. ಹಳ್ಳದ ಸೇತುವೆ ಕುಸಿದಿದೆ, ಕ್ರಾಸಿನಿಂದ ಕಾಲುವೆಯ ದಂಡೆಯ ಮೇಲೆ ಬರಬೇಕು.

ದುರಗಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಇದ್ದಳು. ಹೊರಗೆ ಯಾರೋ ಬಾಳೆಕಂಬ ಇಳಿಸುತ್ತಿದ್ದರು.

“ಹುಲಗಪ್ಪನ ಮಗ ಅಂತ ಒಂದ ಬರದೀ,” ಎಂದಳು ಕೊನೆಗೆ. “ನನ್ನ ಹೆಸರೂ ಹಾಕು.”

ಇಷ್ಟು ವರ್ಷದಲ್ಲಿ ಆ ತಲೆಬರಹದ ಕೆಳಗೆ ತಾಯಿಯ ಹೆಸರು ಬಂದಿರಲಿಲ್ಲ. ಊರ ರೂಢಿಯಲ್ಲಿ ಇರಲಿಲ್ಲ. ಹೇಮಾವತಿ ಹಾಕಿದಳು. ಮೊದಲು ಹಾಕಿದಳು: ದುರಗಮ್ಮ, ಹುಲಗಪ್ಪ ಇವರ ಮಗ. 3,214 ಜನರಿಗೆ ಕಳಿಸಬೇಕೆ ಎಂದು ಯಂತ್ರ ಕೇಳಿತು. ಅವಳು ಒತ್ತಿದಳು. ಹನ್ನೊಂದು ಇಪ್ಪತ್ತು.

ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದ ಮಾಂತೇಶನ ಚೀಲದೊಳಗೆ ಅವನ ದೊಡ್ಡ ಫೋನು ಒಮ್ಮೆ ಟಿಣ್ ಎಂದಿತು. ಮೊದಲ ಹನ್ನೊಂದು ಹೆಸರಿನಲ್ಲಿ ಅವನದೂ ಒಂದಿತ್ತು.

*

ಅದಾದ ಮೇಲೆ ಸಣ್ಣ ಫೋನು ಸುಮ್ಮನಾಯಿತು. ಖರೆಯೇ ಎಂದು ಕೇಳಲು ಒಬ್ಬರೂ ಫೋನು ಮಾಡಲಿಲ್ಲ.

ಹನ್ನೆರಡಕ್ಕೆ ಹೋಟೆಲಿನ ನಲವತ್ತು ಮಂದಿ ಬಂದರು, ತಲೆ ತಗ್ಗಿಸಿಕೊಂಡು, ಒಬ್ಬರ ಹಿಂದೆ ಒಬ್ಬರು. ಜಿಲಾನಸಾಬ ಹೋಟೆಲಿಗೆ ಬೀಗ ಹಾಕಿ ಬಂದಿದ್ದ. ಒಂದು ಗಂಟೆಗೆ ಆನೆಗೊಂದಿಯಿಂದ ಒಂದು ಟಂಟಂ ಬಂತು. ಬಾಳೆನಾರಿನಲ್ಲಿ ಬುಟ್ಟಿ, ಚಾಪೆ ನೇಯುವ ಹೆಂಗಸರು. ಹೇಮಾವತಿ ಅವರಲ್ಲಿ ಯಾರನ್ನೂ ಕಂಡವಳಲ್ಲ. ಚಂದಾ ಒಬ್ಬಳ ಹೆಸರಿನಲ್ಲಿದೆ, ಅವಳು ಓದುತ್ತಾಳೆ, ನಾವು ಹದಿನೈದು ಮಂದಿ ನಾರು ಬಿಡಿಸುತ್ತ ಕೇಳುತ್ತೇವೆ ಎಂದು ಅವರಲ್ಲಿ ಹಿರಿಯಳು ಹೇಳಿದಳು. ಹೇಮಾವತಿ ಆ ಮುಖಗಳನ್ನು ನೋಡಿದಳು. 3,214 ಎನ್ನುವುದು ಲೆಕ್ಕವೇ ಅಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಎರಡರ ಹೊತ್ತಿಗೆ ಅಂಗಳ ಸಾಲಲಿಲ್ಲ. ನಾಟಿಯ ಕೆಸರು ಮೊಣಕಾಲಿಗೆ ಒಣಗಿದ್ದವರು, ಕೊಪ್ಪಳದ ಕಚೇರಿಯಿಂದ ಅರ್ಧ ದಿನ ರಜೆ ಹಾಕಿದವರು, ಮುನಿರಾಬಾದಿನಿಂದ ನೀರಿನ ಮಟ್ಟ ಹೇಳುತ್ತಿದ್ದವನು. ಅವನು ಬಾಗಿಲಲ್ಲೇ ನಿಂತು, ಇವತ್ತು ನಾಲ್ಕೂವರೆಗೆ ನನ್ನ ಹತ್ತಿರ ಮಾತಾಡಿದ್ದಾನೆ ಎಂದು ಮತ್ತೆ ಮತ್ತೆ ಹೇಳಿದ. ಫೋನಿನಲ್ಲಿ ನಕ್ಕಿದ್ದ ಯಲಬುರ್ಗಾದವನು ಬಂದು ಹೇಮಾವತಿಯ ಮುಂದೆ ಕೈಮುಗಿದ. ಯಾರೂ ತಮ್ಮ ಹೆಸರು ಹೇಳಲಿಲ್ಲ, ಊರಷ್ಟೇ ಹೇಳಿದರು. ಹಿರೇಸಿಂದೋಗಿ. ಹನುಮಸಾಗರ. ಕುಕನೂರು. ಒಬ್ಬೊಬ್ಬರೇ ಪಡಸಾಲೆಗೆ ಹೋಗಿ, ಯಾವತ್ತೂ ನೋಡದ ಆ ಮುಖವನ್ನು ನೋಡಿ ಹೊರಗೆ ಬಂದರು. ಇಷ್ಟು ಸಣ್ಣವನೇನು ಎಂದು ಬಹಳ ಜನ ಅಂದುಕೊಂಡರು. ಪತ್ರ ಬರೆಯುವವನು ವಯಸ್ಸಾದವನಿರಬೇಕು ಎಂದು ಅವರು ತಿಳಿದಿದ್ದರು.

ಮೂರಕ್ಕೆ ಬಂದವರು ಒಳಗೆ ಬರಲಿಲ್ಲ. ಬೇವಿನ ಮರದಾಚೆ ಗುಂಪಾಗಿ ನಿಂತರು. ಒಬ್ಬೊಬ್ಬರ ಹೆಗಲ ಮೇಲೂ ಒಂದು ಸಲಿಕೆ. ಹುಲಗಪ್ಪ ಎದ್ದು ಹೋಗಿ ಯಾರು ಎಂದು ಕೇಳಿದ.

“ಇಟಗಿ ಕುಣಿಯಾಂವ್ರೀ, ಪಕೀರಪ್ಪ,” ಎಂದ ಮುಂದಿದ್ದವನು. “ಇವ್ರು ಆನೆಗೊಂದಿ. ಇಂವ ತಾವರಗೇರಾ. ನಾವು ನಲವತ್ತಮೂರು ಮಂದಿ ಅದೀವ್ರಿ. ದಾರ್ಯಾಗ ಕೂಡ್ಕೋತ ಬಂದ್ವಿ.”

ಇಲ್ಲಿ ಗ್ಯಾನಪ್ಪ ಇದ್ದಾನೆ, ಅವನು ತೋಡಿದ್ದಾನೆ ಎಂದ ಹುಲಗಪ್ಪ.

“ಗೊತ್ತೈತ್ರೀ ಯಜಮಾನ್ರ. ತೋಡಾಕಲ್ಲ, ಮುಚ್ಚಾಕ ಬಂದೀವಿ.” ಪಕೀರಪ್ಪ ಸಲಿಕೆಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. “ಹೆಣ ಬಿದ್ದಾಗ ಮನಿಯವ್ರು ಕರೀತಾರ, ಕೆಲಸ ಆದ ಮ್ಯಾಲೆ ಮಾರಿ ತಿರುವತಾರ. ಊಟ ಆತೇನು ಅಂತ ಕೇಳಾಂವ ನಿಮ್ಮ ಮಗ ಒಬ್ಬಾವನ ಇದ್ದ.”

ಹುಲಗಪ್ಪ ಅವರನ್ನು ಅಂಗಳದೊಳಕ್ಕೆ ಕರೆದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಪಕೀರಪ್ಪನ ತೋಳು ಹಿಡಿದು ನಡೆಸಿಕೊಂಡು ಪಡಸಾಲೆಯವರೆಗೆ ಹೋದ. ಉಳಿದವರು ಸಲಿಕೆಗಳನ್ನು ಗೋಡೆಗೆ ಒರಗಿಸಿ ಹಿಂದೆ ಬಂದರು.

ಮೂರೂವರೆಗೆ ಎತ್ತಿದರು. ಹಳ್ಳದ ದಾರಿ ಬಿಟ್ಟು ಕಾಲುವೆಯ ದಂಡೆ ಹಿಡಿದರು. ಕಾಲುವೆ ತುಂಬಿ ಹರಿಯುತ್ತಿತ್ತು. ತಾನು ಮೂವತ್ತು ವರ್ಷ ನಿಂತ ಗೇಟಿನ ಹತ್ತಿರ ಬಂದಾಗ ಹುಲಗಪ್ಪ ನಿಂತು ಹಿಂತಿರುಗಿ ನೋಡಿದ. ದಂಡೆಯ ಮೇಲೆ ಜನ ಕ್ರಾಸಿನವರೆಗೂ ಇದ್ದರು. ಕ್ರಾಸಿನ ಆಚೆಗೆ, ತಿರುವಿನಲ್ಲಿ ಕಣ್ಣಿಗೆ ಮರೆಯಾಗುವವರೆಗೂ ಇದ್ದರು. ಇನ್ನೂ ಬರುತ್ತಲೇ ಇದ್ದರು. ಅವನ ಕೈ ಗೇಟಿನ ತಿರುಗಣಿಯ ಮೇಲೆ ಹೋಗಿ ಕುಳಿತಿತು. ಹೆಗಲು ಕೊಟ್ಟವರು ಮುಂದೆ ಹೋದರು. ಅವನಿಗಾಗಿ ಹೇಮಾವತಿ, ದುರಗಮ್ಮ ನಿಂತರು.

“ಕಡೀ ತನಕ ಮುಟ್ಟೈತಿ,” ಎಂದ ಅವನು, ತನಗೇ ಹೇಳಿಕೊಂಡ ಹಾಗೆ.

ಹೊಲದಲ್ಲಿ ಗ್ಯಾನಪ್ಪ ಕುಣಿಯ ಅಂಚನ್ನು ಕೈಯಿಂದ ಸವರಿ ನೀಟುಮಾಡುತ್ತಿದ್ದ. ಇಳಿಸಿದರು. ಮನೆಯವರು ಮೂರು ಹಿಡಿ ಮಣ್ಣು ಹಾಕಿದರು. ಹೇಮಾವತಿಯ ಹಿಡಿ ಬಿಚ್ಚಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಲವತ್ತಮೂರು ಮಂದಿ ಮುಂದೆ ಬಂದರು. ಜಾಗ ಸಾಲದೆ ಸರದಿ ಮಾಡಿಕೊಂಡರು. ಒಬ್ಬರು ಎರಡು ಸಲಿಕೆ ಎಳೆದು ಹಿಂದೆ ಸರಿಯುವುದು, ಮುಂದಿನವರು ಬರುವುದು. ಅಷ್ಟು ಸಾವಿರ ಜನರಿದ್ದರೂ ಸಲಿಕೆಯ ಸದ್ದು, ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಗ್ಯಾನಪ್ಪ ಸಲಿಕೆಯ ಬೆನ್ನಿನಿಂದ ಮಣ್ಣನ್ನು ತಟ್ಟಿ ಸಮಮಾಡಿದ.

ಅವನು ದೂರ ಸರಿದು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಕಿಸೆಯಿಂದ ಫೋನು ತೆಗೆದ.

ಹೇಮಾವತಿಯ ಸೊಂಟದಲ್ಲಿ ಸಣ್ಣ ಫೋನು ಬಡಿದುಕೊಂಡಿತು. ತೆಗೆದು ನೋಡಿದಳು. ಕ್ಯಾಂಪು ಕುಣಿ ಗ್ಯಾನಪ್ಪ. ಹತ್ತು ಹೆಜ್ಜೆ ಆಚೆಗೆ ಅವನು ಅವಳ ಕಡೆ ನೋಡದೆ, ನೆಲ ನೋಡುತ್ತ ನಿಂತಿದ್ದ. ಅವಳು ಎತ್ತಲಿಲ್ಲ. ಅದು ಪೂರ್ತಿ ಬಡಿದು ನಿಂತಿತು.

ಮತ್ತೆ ಬಡಿದುಕೊಂಡಿತು. ಇಟಗಿ ಕುಣಿ ಪಕೀರಪ್ಪ. ಅದೂ ನಿಂತಿತು. ಆನೆಗೊಂದಿ ಕುಣಿ. ತಾವರಗೇರಾ ಕುಣಿ. ಸಲಿಕೆ ಊರಿ ನಿಂತವರು ಒಬ್ಬರಾದ ಮೇಲೆ ಒಬ್ಬರು, ಹಿಂದಿನವರದು ಮುಗಿಯುವ ತನಕ ಕಾದು, ಫೋನಿನ ಗುಂಡಿ ಒತ್ತುತ್ತಿದ್ದರು.

ದುರಗಮ್ಮ ಕೈ ಚಾಚಿದಳು. ಹೇಮಾವತಿ ಫೋನನ್ನು ಅವಳ ಅಂಗೈಯಲ್ಲಿಟ್ಟಳು. ಮುದುಕಿ ಅದನ್ನು ಸೆರಗಿನೊಳಗೆ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಹೊಸ ಮಣ್ಣಿನ ಪಕ್ಕದಲ್ಲಿ ಕುಳಿತಳು. ಹೊತ್ತು ಇಳಿಯುತ್ತಿತ್ತು. ಸೆರಗಿನ ಬಟ್ಟೆಯೊಳಗೆ ಸಣ್ಣ ಬೆಳಕೊಂದು ಹೊತ್ತಿ, ಆರಿ, ಮತ್ತೆ ಹೊತ್ತುತ್ತಿತ್ತು.